ಮೂರನೇ ಒಲ್ಲೆ

ಇಳಕಲ್ಲಿನ ಕೆಂಪು ಕಲ್ಲಿಗೆ ದರ ಕಟ್ಟಲು ಬಂದವರು
ಊಟಕ್ಕೆ ನಮ್ಮ ಮನೆಗೇ ಬರಬೇಕು.
ಕ್ವಾರಿಯ ಲೆಕ್ಕ ನನ್ನದು, ಅರೆಬರೆ ಇಂಗ್ಲಿಷೂ ನನ್ನದು,
ರೊಟ್ಟಿ ಅವ್ವನದು.

ಅವ್ವನ ಹತ್ತಿರವೂ ಒಂದು ಲೆಕ್ಕ,
ನನ್ನ ಖಾತೆಪುಸ್ತಕಕ್ಕಿಂತ ಹಳೆಯದು:
"ಮೊದಲನೇ ಒಲ್ಲೆ ಮರ್ಯಾದಿದು,
ಎರಡನೇದು ನಾಚಿಕಿದು,
ಮೂರನೇದು ಹೊಟ್ಟಿದು.
ಅದು ಬರೂತನಕಾ ಬುಟ್ಟಿ ಕೆಳಗಿಡಬಾರದು."

ಹೋದ ವರ್ಷ ವರ್ಮಾಂಟಿನಿಂದ ಲೊರೇನ್ ಬಂದಳು,
ಮೂರು ತಲೆಯಿಂದ ಗೋರಿಕಲ್ಲು ಮಾರುವ ಮನೆತನ.
ತಂದ ಬಾಟಲಿಯನ್ನು ಅವ್ವನ ಕೈಗಿಟ್ಟು
ಬಿಚ್ಚಿ ನೋಡುವವರೆಗೂ ಎದುರಿಗೇ ನಿಂತಳು.
(ಯಾವುದೋ ಮರದ ಪಾಕ, ಜೋನಿಬೆಲ್ಲದ ದೂರದ ನೆಂಟ.)
ಕಾಲು ಮಡಚಲು ಬಾರದೆ ಚಾಚಿ ಕೂತು
ಎಣ್ಣೆಗಾಯಿ, ಶೇಂಗಾಹಿಂಡಿ, ಕೆನೆಮೊಸರು,
ತಾಟು ಬೆಳಗಿಟ್ಟಂತೆ ಉಂಡಳು.
ಸಾಕು ಎಂದಳು. ಅವ್ವ ಹಾಕಿದಳು.
ಅಂಗೈ ಅಡ್ಡ ಹಿಡಿದಳು. ಬೆರಳಸಂದಿಯಿಂದ ತುಪ್ಪ ಇಳಿಯಿತು.
ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ:
"ನಾನು ಹೇಳಿದ್ದು ನಿಮ್ಮ ತಾಯಿಗೆ ಕೇಳಿಸಲಿಲ್ಲವೆ?"

ಎಷ್ಟು ಚೆನ್ನಾಗಿ ಕೇಳಿಸಿತ್ತೆಂದು ಯಾವ ಭಾಷೆಯಲ್ಲಿ ಹೇಳಲಿ?

ನೀರಡಿಸಿದಾಗ ತಾನೇ ಎದ್ದು ಅಡಿಗೆಮನೆಗೆ ನಡೆದು
ಹರವಿಯೊಳಗೆ ತಂಬಿಗೆ ಅದ್ದಿದಳು.
"ನಿಮ್ಮನೀನಽ ಅನ್ಕೋರಿ" ಎಂದು ನಾವೂ ಅಂತೇವೆ,
ಅಂದುಕೊಂಡವರನ್ನು ಅವ್ವ ಅಂದೇ ಮೊದಲು ನೋಡಿದ್ದು.

ರಾತ್ರಿ ಅವ್ವನಿಗೆ ಪಾಠ ಮಾಡಿದೆ:
"ಫಾರಿನ್ ಮಂದಿ ಒಲ್ಲೆ ಅಂದ್ರ ಒಲ್ಲೆ. ಒಂದಽ ಸಲ. ಮುಗೀತು."

ಈ ವರ್ಷ ಫುಜಿಯಾನಿನ ಔಯಾಂಗ್.
ಎರಡೂ ಕೈಯಲ್ಲಿ ಚಹಾದ ಕೆಂಪು ಡಬ್ಬಿ.
ಅವ್ವ ಬಿಚ್ಚದೆ ಮಾಡದೊಳಗಿಟ್ಟಳು,
ಅವನ ಮುಖ ಹಗುರಾಯಿತು.
ಎರಡು ರೊಟ್ಟಿ ಆದಮೇಲೆ ಕೈಯಾಡಿಸಿ ಬೇಡ ಬೇಡ ಎಂದ.
ಕಲಿತ ಮುದುಕಿ, ಕಲಿತಂತೆ, ಬುಟ್ಟಿ ಎತ್ತಿಕೊಂಡು ಹೋದಳು.
ಅವನ ಕಣ್ಣು ಬುಟ್ಟಿಯ ಹಿಂದೆ ಹೊಸ್ತಿಲವರೆಗೂ ಹೋಗಿ
ಒಂದೇ ಹಿಂದಿರುಗಿತು.
ತಾಟಿನಲ್ಲಿ ಚೂರು ರೊಟ್ಟಿ ಬೇಕೆಂದೇ ಉಳಿಸಿದ್ದ,
ನಿಮ್ಮ ಮನೆಯಲ್ಲಿ ಕಡಿಮೆಯೇನಿಲ್ಲ ಎನ್ನುವುದಕ್ಕೆ.

ರಾತ್ರಿ ಹತ್ತಕ್ಕೆ ಡ್ರೈವರ್ ಮಾಬುಸಾಬನ ಫೋನು:
"ಸಾಹೇಬ್ರು ಬಸ್‌ಸ್ಟ್ಯಾಂಡ್ ಮುಂದ ಮಿರ್ಚಿ ತಿನ್ನಾಕತ್ತಾರ್ರಿ.
ಎರಡನೇ ಪ್ಲೇಟು. ಗಿರಮಿಟ್ಟೂ ಹೇಳ್ಯಾರ."

ಅವ್ವ ಹಾಸಿಗೆಯಲ್ಲಿ ಎದ್ದು ಕೂತಳು. ಬೈಯಲಿಲ್ಲ.
"ನಮ್ಮಂಗಽ ಇದ್ನಲ್ಲೋ ಆ ಮನಿಷಾ!
ನೀ ಎಲ್ಲಾರ್ನೂ ಕೂಡಿಸಿ ಒಂದಽ ದೇಶ ಮಾಡಿದಿ."

ಬೆಳಗಿನ ಜಾವಕ್ಕೇ ರೊಟ್ಟಿ ಬಡಿಯುವ ಸದ್ದು.
ಗಂಟು ಹಿಡಿದು ಲಾಡ್ಜಿಗೆ ಹೋದೆ.
ಬೇಡ ಎಂದ. ಬೇಡವೇ ಬೇಡ ಎಂದ.
ಮೂರನೇ ಬೇಡಕ್ಕೆ ಅವನ ಎರಡೂ ಕೈ
ಆಗಲೇ ಗಂಟಿನ ಕೆಳಗಿದ್ದವು.
ಮೆಟ್ಟಿಲವರೆಗೆ ಕಳಿಸಲು ಬಂದ, ಗೇಟಿನವರೆಗೆ ಬಂದ,
ಚಹಾದ ಗಾಡಿ ದಾಟಿ ನನ್ನ ಸ್ಕೂಟರಿನ ಜೊತೆ ನಡೆದ,
ಸಾಕ್ರಿ ಎಂದರೂ, ಸಾಕ್ರಿ ಎಂದರೂ.

ಲೊರೇನ್ ಬಾಗಿಲಲ್ಲೇ ಕೈಕುಲುಕಿ ಹೋದವಳು.
ಫೋಟೋ ಕಳಿಸ್ತೇನೆ ಎಂದಿದ್ದಳು, ಕಳಿಸಿದಳು:
ಹಿಮದಲ್ಲಿ ನಮ್ಮೂರ ಕಲ್ಲು, ಮೇಲೆ ಯಾರದೋ ಹೆಸರು.
ಒಮ್ಮೆ ಅಂದರೆ ಅಂದಂತೆ, ಅವಳ ಹೌದೂ, ಅವಳ ಒಲ್ಲೆಯೂ.

ಮನೆಗೆ ಬಂದೆ. ಒಲೆಯ ಮುಂದೆ ಅವ್ವ,
ಮೊಣಕೈವರೆಗೆ ಹಿಟ್ಟು, ಬರಿದಾದ ಬುಟ್ಟಿಯಲ್ಲಿ ಸೀದ ಒಂದು ರೊಟ್ಟಿ.
"ನೀ ಉಂಡೇನು?"
"ಒಲ್ಲ್ಯೋ, ಹಸಿವಿಲ್ಲ."
ಸರಿ ಎಂದು ಅಂಗಿ ಬದಲಿಸಲು ತಿರುಗಿದೆ, ದಿನದಂತೆ.

ತಿರುಗಿದವನು ಅಲ್ಲೇ ನಿಂತೆ.
ನಲವತ್ತಾರು ವರ್ಷ, ಇದೇ ಮನೆಯಲ್ಲಿ,
ನಾನು ವರ್ಮಾಂಟಿನವನಾಗಿದ್ದೆ.

"ಉಣ್ಣವ್ವಾ."
"ಒಲ್ಲೆ ಅಂದ್ನೆಲ್ಲೋ ಹುಚ್ಚಾ," ಎಂದು ನಕ್ಕಳು.
ತಾಟು ತಂದು ಅವಳ ಮುಂದಿಟ್ಟೆ.